ಸೊನ್ನೆಗಿಂತ ಇನ್ನೂರು ಕಡಿಮೆ

ಆ ಊರಿನ ಮನೆಗಳಿಗೆ ಮೂಲೆಗಳಿರಲಿಲ್ಲ. ಗೋಡೆ ಎಂದರೆ ಬಾಗಿದ ಗೋಡೆ. ಬಾಗುತ್ತ ಬಾಗುತ್ತ ಹೋಗಿ ಹೊರಟ ಜಾಗವನ್ನೇ ಬಂದು ಮುಟ್ಟುವ ಗೋಡೆ. ಒಂದು ಮನೆ ಆಗಬೇಕಾದರೆ ಮೊದಲು ನೆಲಕ್ಕೆ ಎರಡು ಗೂಟ ಹೊಡೆಯುತ್ತಿದ್ದರು, ಮನೆಯ ಇಬ್ಬರಿಗೆ ಒಂದೊಂದು. ಗೂಟಗಳಿಗೆ ಒಂದು ಹಗ್ಗದ ಎರಡು ತುದಿ ಕಟ್ಟಿ, ಹಗ್ಗವನ್ನು ಕೋಲಿನಿಂದ ಬಿಗಿಯಾಗಿ ಎಳೆದು ಹಿಡಿದು ಸುತ್ತು ಬರುತ್ತಿದ್ದರು. ಕೋಲು ಒಂದು ಗೂಟಕ್ಕೆ ಹತ್ತಿರವಾದಷ್ಟೂ ಇನ್ನೊಂದರಿಂದ ದೂರವಾಗುತ್ತಿತ್ತು. ಹಗ್ಗ ಮಾತ್ರ ಇದ್ದಷ್ಟೇ ಇರುತ್ತಿತ್ತು. ಕೋಲು ಗೀರಿದಲ್ಲಿ ಗೋಡೆ ಏಳುತ್ತಿತ್ತು.

ಒಂಟಿಯಾಗಿರುವವರಿಗೆ ಒಂದೇ ಗೂಟ. ಅವರ ಮನೆ ಬಳೆಯ ಹಾಗೆ ದುಂಡಗೆ. ಊರಬಾಗಿಲು ಕಾಯುವವನ ಗೋಡೆ ಮಾತ್ರ ಎಲ್ಲಿಯೂ ಕೂಡುತ್ತಿರಲಿಲ್ಲ, ಒಂದು ಕಡೆ ಬಾಯಿ ತೆರೆದು ಬಯಲಿನತ್ತ ಅಗಲವಾಗುತ್ತ ಹೋಗಿತ್ತು. ಕೆರೆಯ ಆಚೆ ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ಎರಡು ಗೋಡೆಗಳಿದ್ದವು. ಅವು ಒಂದಕ್ಕೊಂದು ಬೆನ್ನು ಹಾಕಿ, ಎಷ್ಟು ದೂರ ಹೋದರೂ ತಿರುಗಿ ಸೇರದ ಗೋಡೆಗಳು.

ಊರ ನಡುವೆ ಒಂದು ಕಲ್ಲಿತ್ತು. ಎಲ್ಲ ಅಳತೆಯೂ ಆ ಕಲ್ಲಿನಿಂದಲೇ. ಕಲ್ಲಿನಿಂದ ಮೂಡಣಕ್ಕೆ ಎಷ್ಟು ಹೆಜ್ಜೆಯೋ ಅದಕ್ಕೆ ‘ಮೂ’ ಎಂದು ಬರೆಯುತ್ತಿದ್ದರು, ಬಡಗಣಕ್ಕೆ ಎಷ್ಟು ಹೆಜ್ಜೆಯೋ ಅದಕ್ಕೆ ‘ಬ’ ಎಂದು. ಈ ಎರಡು ಅಕ್ಷರ ಮತ್ತು ಕೆಲವು ಅಂಕಿಗಳು ಸೇರಿದರೆ ಒಂದು ಸಮೀಕರಣ. ಒಂದು ಸಮೀಕರಣ ಎಂದರೆ ಒಂದು ಮನೆ. ಸುಟ್ಟ ಮಣ್ಣಿನ ಫಲಕದ ಮೇಲೆ ಒಂದೇ ಸಾಲಿನಲ್ಲಿ ಅದು ಹಿಡಿಸುತ್ತಿತ್ತು.

ಗೋಡೆಗಳಿಗೆ ಕಾಲ ಕಳೆದಂತೆ ಹೊಟ್ಟೆ ಬರುತ್ತದೆ. ಮೆತ್ತಿದ ಮಣ್ಣು ಒಂದು ಬೆರಳು ಹೊರಗೆ ಚಾಚುತ್ತದೆ, ಪಕ್ಕದವನ ಅಂಗಳ ಒಂದು ಬೆರಳು ಒಳಗೆ ಸರಿಯುತ್ತದೆ. ಆದ್ದರಿಂದ ಹನ್ನೆರಡು ವರ್ಷಕ್ಕೊಮ್ಮೆ ಊರಿಗೆ ಊರೇ ತನ್ನ ಗೋಡೆಗಳನ್ನು ಕೆಡವಿ, ಫಲಕಗಳನ್ನು ಕಲ್ಲಿನ ಮುಂದೆ ತಂದು ಓದಿಸಿ, ಓದಿದ ಹಾಗೆ ಮತ್ತೆ ಗೆರೆ ಎಳೆದು ಕಟ್ಟಿಕೊಳ್ಳುತ್ತಿತ್ತು. ಗೆರೆ ಎಳೆದಾದ ಮೇಲೆ ಸವೆದ ಫಲಕಗಳನ್ನು ಹೊಸ ಮಣ್ಣಿನ ಮೇಲೆ ನಕಲು ಮಾಡಿ, ಹಳೆಯವನ್ನು ಪುಡಿಮಾಡಿ ಗೋಡೆಯ ಕೆಸರಿಗೆ ಬೆರೆಸುತ್ತಿದ್ದರು. ಊರಿಗೆ ಇದ್ದದ್ದು ಒಂದೇ ಕಟ್ಟಳೆ: ಫಲಕದಲ್ಲಿ ಇಲ್ಲದ್ದು ನೆಲದ ಮೇಲೂ ಇಲ್ಲ.

ಫಲಕಗಳನ್ನು ಓದುವ, ಬರೆಯುವ ಹಕ್ಕು ಗೆರೆಯವರದು. ಮೂಡಣ ಓಣಿಯ ನಲವತ್ತು ಮನೆಗಳ ಫಲಕಗಳು ಒಬ್ಬ ಗೆರೆಗಾರ್ತಿಯ ಕೈಯಲ್ಲಿದ್ದವು. ಹಿಂದಿನ ಸಲ ಗೋಡೆ ಕೆಡವಿದಾಗ ಅವಳು ಇನ್ನೂ ಕಲಿಯುತ್ತಿದ್ದಳು. ಈಗ ಅವಳ ತಲೆಯಲ್ಲಿ ನಾಲ್ಕು ಬಿಳಿಕೂದಲಿದ್ದವು, ಸೊಂಟದಲ್ಲಿ ಕಬ್ಬಿಣದ ಕಂಟ, ಅಂದರೆ ಮಣ್ಣಿನ ಮೇಲೆ ಕೊರೆದು ಬರೆಯುವ ಕಡ್ಡಿ, ಇತ್ತು. ಅವಳ ಗುರುವಿಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು.

ಗೋಡೆ ಕೆಡವಿದ ಒಂಬತ್ತನೆಯ ದಿನ ಮೂಡಣ ಓಣಿಯ ಸರದಿ ಬಂತು. ಗೆರೆಗಾರ್ತಿ ಕಲ್ಲಿನ ಮುಂದೆ ಕೂತು ಒಂದೊಂದೇ ಫಲಕ ಎತ್ತಿಕೊಂಡು, ಗಟ್ಟಿಯಾಗಿ ಓದಿ, ಮರಳಿನ ಮೇಲೆ ಬಿಡಿಸಿ, ಗೂಟ ಎಲ್ಲಿ, ಹಗ್ಗ ಎಷ್ಟು ಎಂದು ಹೇಳುತ್ತಿದ್ದಳು. ಆ ಮನೆಯವರು ಎದ್ದು ಹೋಗಿ ಗೂಟ ಹೊಡೆಯುತ್ತಿದ್ದರು. ಹೊತ್ತು ಏರುವಷ್ಟರಲ್ಲಿ ಹದಿನಾರು ಮನೆ ಮುಗಿದವು. ಹದಿನೇಳನೆಯದು ಚಾಪೆಯವಳ ಫಲಕ.

ಚಾಪೆಯವಳು ಕೆರೆಯ ಜೊಂಡಿನಿಂದ ಚಾಪೆ ನೇಯುತ್ತಿದ್ದಳು. ಅವಳ ಗಂಡ ಒಂದು ಕಾಲಕ್ಕೆ ಊರಿನ ಡಂಗುರದವನು. ಬೆಟ್ಟದ ಬುಡದವರೆಗೂ ಕೇಳುವ ದನಿ ಅವನದು. ಹನ್ನೊಂದು ವರ್ಷದ ಹಿಂದೆ ಗಂಟಲಿಗೆ ಏನೋ ಬಂದು ಆ ದನಿ ಹೋಯಿತು, ಬರೀ ಉಸಿರು ಉಳಿಯಿತು. ಅವನು ಬಾಯಿ ತೆರೆದರೆ ಎದುರು ನಿಂತವರಿಗೂ ಏನೂ ಕೇಳುತ್ತಿರಲಿಲ್ಲ. ಆದರೆ ಅವರ ಮನೆಯೊಳಗೆ ಅವನು ತನ್ನ ಗೂಟದ ಜಾಗದಲ್ಲಿ ಕೂತು ಉಸಿರಿದ ಮಾತು ಗೋಡೆಯ ಮೇಲೆಲ್ಲ ಹರಡಿ, ಗೋಡೆಯಿಂದ ತಿರುಗಿ, ಒಂದಿಷ್ಟೂ ಚೆಲ್ಲದೆ ಅವಳ ಗೂಟದ ಜಾಗಕ್ಕೆ ಬಂದು ಸೇರುತ್ತಿತ್ತು. ಎರಡು ಗೂಟದ ಮನೆಗಳ ಗುಣವೇ ಅದು. ಬೇರೆ ಮನೆಯವರು ಅದನ್ನು ಗಮನಿಸುತ್ತಿರಲಿಲ್ಲ, ಅವರಿಗೆ ಬೇಕಾಗಿರಲಿಲ್ಲ. ಹೀಗಾಗಿ ಗೋಡೆ ಬಿದ್ದ ಒಂಬತ್ತು ದಿನದಿಂದ ಗಂಡಹೆಂಡಿರಲ್ಲಿ ಒಂದು ಮಾತೂ ಆಗಿರಲಿಲ್ಲ. ಅವನು ಆಗಾಗ ಬಾಯಿ ತೆರೆಯುತ್ತಿದ್ದ; ಗಾಳಿ ಅದನ್ನು ಕೊಂಡೊಯ್ಯುತ್ತಿತ್ತು.

ಗೆರೆಗಾರ್ತಿ ಫಲಕ ಓದಿದಳು. ಹದಿನಾರು ಮೂ-ವರ್ಗ, ಕೂಡು ಇಪ್ಪತ್ತೈದು ಬ-ವರ್ಗ, ಕಳೆ ಮುನ್ನೂರ ಎಂಬತ್ತನಾಲ್ಕು ಮೂ, ಕಳೆ ಇನ್ನೂರ ಐವತ್ತು ಬ, ಕೂಡು ಮೂರು ಸಾವಿರದ ನೂರ ಇಪ್ಪತ್ತೊಂಬತ್ತು, ಸಮ ಸೊನ್ನೆ. ಎರಡು ವರ್ಗಗಳ ಮುಂದೆಯೂ ಒಂದೇ ಗುರುತು, ಅಂಕಿ ಬೇರೆ ಬೇರೆ: ಕೂಡುವ ಗೋಡೆ, ಎರಡು ಗೂಟದ ಮನೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಆಮೇಲೆ ಅವಳು ವರ್ಗ ತುಂಬಿಸಲು ಕೂತಳು. ಇದು ಗೆರೆಯವರ ನಿತ್ಯದ ಕೆಲಸ. ಅರ್ಧ ಮಾಡು, ವರ್ಗ ಮಾಡು, ಈ ಕಡೆ ಕೊಟ್ಟದ್ದನ್ನು ಆ ಕಡೆಗೂ ಕೊಡು. ಅವಳು ಮೂ ಇದ್ದದ್ದನ್ನೆಲ್ಲ ಒಟ್ಟಿಗೆ ತಂದು ಹದಿನಾರನ್ನು ಹೊರಗಿಟ್ಟಳು. ಒಳಗೆ ಇಪ್ಪತ್ತನಾಲ್ಕು ಮೂ ಉಳಿಯಿತು. ಅರ್ಧ ಹನ್ನೆರಡು, ಅದರ ವರ್ಗ ನೂರ ನಲವತ್ತನಾಲ್ಕು, ಅದರ ಹದಿನಾರು ಪಟ್ಟು ಎರಡು ಸಾವಿರದ ಮುನ್ನೂರ ನಾಲ್ಕು. ಬ ಇದ್ದದ್ದನ್ನು ಒಟ್ಟಿಗೆ ತಂದು ಇಪ್ಪತ್ತೈದನ್ನು ಹೊರಗಿಟ್ಟಳು. ಒಳಗೆ ಹತ್ತು ಬ. ಅರ್ಧ ಐದು, ಅದರ ವರ್ಗ ಇಪ್ಪತ್ತೈದು, ಅದರ ಇಪ್ಪತ್ತೈದು ಪಟ್ಟು ಆರುನೂರ ಇಪ್ಪತ್ತೈದು. ಎರಡನ್ನೂ ಆ ಕಡೆಗೂ ಕೊಟ್ಟಳು. ಮೂರು ಸಾವಿರದ ನೂರ ಇಪ್ಪತ್ತೊಂಬತ್ತು ದಾಟಿ ಹೋಗಿ ಕಳೆಯಾಯಿತು. ಆ ಕಡೆ ಉಳಿದದ್ದು ಸೊನ್ನೆಗಿಂತ ಇನ್ನೂರು ಕಡಿಮೆ.

ಅವಳು ಮರಳನ್ನು ಅಂಗೈಯಿಂದ ಸವರಿ ಮತ್ತೆ ಮಾಡಿದಳು. ಮತ್ತೆ ಇನ್ನೂರು ಕಡಿಮೆ.

ಈ ಕಡೆ ಎರಡು ವರ್ಗಗಳು. ವರ್ಗ ಎಂದರೆ ಎಲ್ಲಿ ನಿಂತರೂ ಸೊನ್ನೆಗಿಂತ ಕೆಳಗೆ ಇಳಿಯದ್ದು. ಎರಡು ವರ್ಗ ಕೂಡಿದರೆ ಸೊನ್ನೆಗಿಂತ ಕಡಿಮೆಯಾಗುವ ಒಂದು ಜಾಗ ಮೂಡಣದಲ್ಲಿ ಇಲ್ಲ, ಬಡಗಣದಲ್ಲಿ ಇಲ್ಲ, ಎಲ್ಲಿಯೂ ಇಲ್ಲ. ಆ ಫಲಕದ ಪ್ರಕಾರ ಚಾಪೆಯವಳ ಮನೆಗೆ ಭೂಮಿಯ ಮೇಲೆ ಒಂದು ಚುಕ್ಕೆಯಷ್ಟೂ ಜಾಗವಿರಲಿಲ್ಲ.

ಕಲ್ಲಿನ ಪಕ್ಕದಲ್ಲಿ ಊರಿನ ಕಟ್ಟಳೆ ಕಾಯುವ ಮುದುಕ ಕೂತಿದ್ದ. ಎಲ್ಲರೂ ಅವನನ್ನು ಕಲ್ಲಜ್ಜ ಎನ್ನುತ್ತಿದ್ದರು. ಯಾಕೆ ತಡ ಎಂದು ಅವನು ಕೇಳಿದ. ಗೆರೆಗಾರ್ತಿ ಇದ್ದದ್ದನ್ನು ಹೇಳಿದಳು. ಕಲ್ಲಜ್ಜ ಕೆಟ್ಟವನಲ್ಲ. ಅವನು ತನ್ನ ಮೊಣಕಾಲು ನೋಡುತ್ತಲೇ, ಕಟ್ಟಳೆ ಏನಿದೆಯೋ ಅದನ್ನೇ ಹೇಳಿದ. ಊರಿನ ಮನೆಗಳಿಗೆ ಹುಲ್ಲಿನ ಮಾಡು ಏರುವುದರೊಳಗೆ, ಫಲಕದಲ್ಲಿ ಇಲ್ಲದವರು ತಮ್ಮ ಪಾತ್ರೆಪಗಡಿ ತೆಗೆದುಕೊಂಡು ಎಲ್ಲೆ ದಾಟಬೇಕು. ಪಕ್ಕದ ಮನೆಯ ಗಾಣದವನು ಎದ್ದುನಿಂತು, ಇಬ್ಬರೂ ತನ್ನ ಮನೆಯ ಒಂದು ಬದಿಯಲ್ಲಿ ಇರಲಿ ಎಂದ. ಚಾಪೆಯವಳು ಅವನಿಗೆ ಕೈಮುಗಿದು, ಅವನ ಮನೆಯ ಗೂಟಗಳು ಅವನವೂ ಅವನ ತಾಯಿಯವೂ, ಅಲ್ಲಿ ತನ್ನ ಗಂಡನ ಮಾತು ತನ್ನ ಹತ್ತಿರ ಬರುವುದಿಲ್ಲ ಎಂದಳು. ಅಷ್ಟು ಹೇಳಿ ಗಂಡನ ತೋಳು ಹಿಡಿದು ನಡೆದುಹೋದಳು. ಗೆರೆಗಾರ್ತಿ ಹದಿನೆಂಟನೆಯ ಫಲಕ ಎತ್ತಿಕೊಂಡಳು, ಆದರೆ ಅದನ್ನು ಓದಲಿಲ್ಲ. ತಲೆ ಸುತ್ತುತ್ತಿದೆ, ಉಳಿದದ್ದು ನಾಳೆ ಎಂದು ಎದ್ದಳು.

ಮಧ್ಯಾಹ್ನ ಅವಳು ಹುಣಸೆಮರದ ನೆರಳಿನಲ್ಲಿ ಆ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವಾಗ ಚಾಪೆಯವಳು ಬಂದಳು. ಜಗಳಕ್ಕೆ ಬಂದಿರಲಿಲ್ಲ. ಎದುರಿಗೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

“ಗೆರೆಯಮ್ಮ, ಇಲ್ಲ ಅಂದರೆ ಎಷ್ಟು ಇಲ್ಲ?”

“ಇನ್ನೂರು, ಅಕ್ಕಾ.”

“ಇಲ್ಲದ್ದಕ್ಕೂ ಅಳತೆ ಇದೆಯಾ?”

“ಇದೆ.”

“ಹಾಗಾದರೆ ಅದು ಪೂರಾ ಇಲ್ಲದ್ದಲ್ಲ,” ಎಂದಳು ಚಾಪೆಯವಳು. “ಪೂರಾ ಇಲ್ಲದ್ದಾದರೆ ಅಳೆಯುವುದು ಹೇಗೆ?”

ಗೆರೆಗಾರ್ತಿ ಫಲಕವನ್ನು ತೊಡೆಯ ಮೇಲೆ ಮಗುಚಿಟ್ಟಳು. ಚಾಪೆಯವಳು, ಹೋಗಬೇಕಾದರೆ ಹೋಗುತ್ತೇವೆ, ಆದರೆ ಗಂಡ ಒಂಬತ್ತು ದಿನದಿಂದ ಏನೋ ಹೇಳಲು ನೋಡುತ್ತಿದ್ದಾನೆ, ಅದೇನೆಂದು ಕೇಳಿಸಿಕೊಳ್ಳದೆ ಹೋಗುವುದು ಹೇಗೆ ಎಂದು ಅಷ್ಟು ಹೇಳಿ ಎದ್ದಳು.

ಅವಳು ಹೋದ ಮೇಲೆ ಗೆರೆಗಾರ್ತಿ ಫಲಕವನ್ನು ಬಿಸಿಲಿಗೆ ಹಿಡಿದಳು. ಅಕ್ಷರ ಅವಳದೇ. ಐದರ ಹೊಟ್ಟೆಯನ್ನು ಸ್ವಲ್ಪ ಒತ್ತಿ ಬರೆಯುವುದು ಅವಳ ರೂಢಿ, ಇಲ್ಲೂ ಒತ್ತಿತ್ತು. ಹನ್ನೆರಡು ವರ್ಷದ ಹಿಂದೆ ಗುರು ಮೊದಲ ಬಾರಿಗೆ ಮೂಡಣ ಓಣಿಯ ನಲವತ್ತು ಫಲಕಗಳನ್ನೂ ಅವಳ ಕೈಗೆ ಬಿಟ್ಟು ನಕಲು ಮಾಡಿಸಿದ್ದ. ಹಳೆಯ ಫಲಕಗಳು ಪುಡಿಯಾಗಿ ಗೋಡೆಗಳಲ್ಲಿ ಸೇರಿದ್ದವು. ಆ ಗೋಡೆಗಳು ಈಗ ಮಣ್ಣಿನ ಗುಡ್ಡೆಯಾಗಿ ಬಿದ್ದಿದ್ದವು. ಮೂಲ ಎಂಬುದು ಎಲ್ಲೂ ಉಳಿದಿರಲಿಲ್ಲ. ಗೆರೆಯವರಲ್ಲಿ ಇನ್ನೊಂದು ಕಟ್ಟಳೆಯಿತ್ತು: ತಪ್ಪು ಬರೆದ ಕೈ ಕಂಟವನ್ನು ಕಲ್ಲಿನ ಮೇಲಿಟ್ಟು ಹೋಗಬೇಕು, ಮತ್ತೆ ಎಂದೂ ಬರೆಯಬಾರದು.

ಅವಳು ಗುರುವಿನ ಹತ್ತಿರ ಹೋದಳು. ಗುರು ಫಲಕದ ಮೇಲೆ ಬೆರಳಾಡಿಸಿ ಸಾಲನ್ನು ಓದಿಕೊಂಡ. ಎರಡು ಸಲ ಓದಿಕೊಂಡ. ಅವನಿಗೂ ಲೆಕ್ಕ ಹಾಗೇ ಬಂತು. ಹಳೆಯ ಸಾಲು ನೆನಪಿದೆಯೇ ಎಂದು ಅವಳು ಕೇಳಿದಳು. ಊರಿನ ಇನ್ನೂರು ಸಾಲುಗಳಲ್ಲಿ ಒಂದನ್ನೂ ತಾನು ನೆನಪಿಟ್ಟುಕೊಂಡವನಲ್ಲ, ನೆನಪಿಟ್ಟುಕೊಂಡವನು ಓದುವುದನ್ನು ಬಿಡುತ್ತಾನೆ ಎಂದು ಅವನು ಅಂದ. ಆಮೇಲೆ ಫಲಕವನ್ನು ಹಿಂದಕ್ಕೆ ಕೊಡುತ್ತ ಹೇಳಿದ.

“ಬೇಕಾದರೆ ನೆಲವನ್ನು ಕೇಳು ಮಗಾ. ಆದರೆ ತಪ್ಪು ನಿನ್ನದಲ್ಲ ಅಂತ ಹೇಳಿಸಿಕೊಳ್ಳುವುದಕ್ಕೆ ಹೋಗುವುದಾದರೆ ಹೋಗಬೇಡ.”

ಅವಳು ಹೋದಳು. ಬೇರೆ ಮನೆಯವರೆಲ್ಲ ಗೂಟ ಹೊಡೆಯುವ, ಕೆಸರು ತುಳಿಯುವ ಗದ್ದಲದಲ್ಲಿದ್ದರು. ಚಾಪೆಯವಳ ಮನೆಯ ಜಾಗದಲ್ಲಿ ಕೆಲಸವಿರಲಿಲ್ಲ. ಕೆಡವಿದ ಮಣ್ಣನ್ನು ಊರಿನ ರೂಢಿಯಂತೆ ಒಯ್ದು ಕೆಸರುಗುಂಡಿಗೆ ಹಾಕಿದ್ದರಿಂದ ಗೋಡೆಯ ಗುರುತೂ ಉಳಿದಿರಲಿಲ್ಲ. ಉಳಿದದ್ದು ಸಾರಿಸಿದ ನೆಲ ಮತ್ತು ಅದರಲ್ಲಿ ಎರಡು ಗುಳಿ. ವರ್ಷಗಟ್ಟಲೆ ಒಂದೇ ಕಡೆ ಕೂತು ಕೂತು ಇಬ್ಬರೂ ಸವೆಸಿದ ಗುಳಿಗಳು. ಒಂದರಲ್ಲಿ ಡಂಗುರದವನು ಆಗಲೂ ಕೂತಿದ್ದ.

ಗೆರೆಗಾರ್ತಿ ಕಲ್ಲಿನಿಂದ ಹೆಜ್ಜೆ ಎಣಿಸಿದಳು. ಅವನ ಗುಳಿ ಮೂಡಣಕ್ಕೆ ಒಂಬತ್ತು, ಬಡಗಣಕ್ಕೆ ಏಳು. ಹೆಂಡತಿಯ ಗುಳಿ ಮೂಡಣಕ್ಕೆ ಹದಿನೈದು, ಬಡಗಣಕ್ಕೆ ಏಳು. ಎರಡರ ನಡುಮಧ್ಯ ಮೂಡಣಕ್ಕೆ ಹನ್ನೆರಡು. ಫಲಕವೂ ಹನ್ನೆರಡೇ ಎನ್ನುತ್ತಿತ್ತು. ಆದರೆ ಬಡಗಣಕ್ಕೆ ಫಲಕ ಐದು ಎನ್ನುತ್ತಿತ್ತು, ನೆಲ ಏಳು ಎನ್ನುತ್ತಿತ್ತು. ಅವಳು ಕಲ್ಲಿಗೆ ಹಿಂದಿರುಗಿ ಮತ್ತೆ ಎಣಿಸಿದಳು, ಮತ್ತೆ ಏಳೇ ಬಂತು.

ಗೂಟಗಳ ಜಾಗ ಸಿಕ್ಕಿತು, ಹಗ್ಗದ ಉದ್ದ ಬೇಕಿತ್ತು. ಅದಕ್ಕೆ ಗೋಡೆಯ ಮೇಲಿನ ಒಂದೇ ಒಂದು ಜಾಗ ತಿಳಿದರೆ ಸಾಕು. ನೆಲದ ಮೇಲೆ ಅಂಥ ಗುರುತು ಸಿಗಲಿಲ್ಲ. ಅವಳು ಚಾಪೆಯವಳನ್ನು ಕೇಳಿದಳು: ಕೂತಾಗ ಬೆನ್ನ ಹಿಂದಿನ ಗೋಡೆ ಎಷ್ಟು ದೂರವಿತ್ತು? ಚಾಪೆಯವಳು ಗಂಟು ಬಿಚ್ಚಿ ಒಂದು ಹಳೆಯ ಚಾಪೆ ತೆಗೆದಳು. ತನ್ನ ಗುಳಿಯಿಂದ ಬೆನ್ನ ಹಿಂದಿನ ಗೋಡೆಯವರೆಗೆ ಹಾಸಲು ಅಳತೆ ಹಿಡಿದು ನೇಯ್ದದ್ದು. ಒಂದು ಅಂಚು ನೆಟ್ಟಗಿತ್ತು, ಗೋಡೆಗೆ ತಾಗುವ ಅಂಚು ಗೋಡೆಯ ಬಾಗಿಗೆ ಸರಿಯಾಗಿ ಬಾಗಿತ್ತು. ಗೆರೆಗಾರ್ತಿ ಅದನ್ನು ಗುಳಿಯಿಂದ ಹಾಸಿದಳು. ಎರಡು ಹೆಜ್ಜೆ.

ಅವಳಿಂದ ಗೋಡೆಗೆ ಎರಡು ಹೆಜ್ಜೆ, ಅವನಿಂದ ಅದೇ ಜಾಗಕ್ಕೆ ಎಂಟು ಹೆಜ್ಜೆ. ಹಗ್ಗ ಹತ್ತು ಹೆಜ್ಜೆ.

ಗೆರೆಗಾರ್ತಿ ಅಲ್ಲಿಯೇ ನೆಲದ ಮೇಲೆ ಕೂತು ಮೊದಲಿನಿಂದ ಬರೆದಳು. ಇಂಥ ಕೆಲಸವನ್ನು ಅವಳು ಕಲಿಯುವಾಗ ಮಾಡಿದ್ದಳು, ಆಮೇಲೆ ಮಾಡಿರಲಿಲ್ಲ. ಫಲಕ ಇರುವಾಗ ಯಾರಿಗೂ ಬೇಕಾಗುವುದಿಲ್ಲ. ಗೋಡೆಯ ಮೇಲಿನ ಯಾವ ಜಾಗವೇ ಆಗಲಿ, ಅಲ್ಲಿಂದ ಅವನಿಗೆ ಇರುವ ದೂರ, ಅಲ್ಲಿಂದ ಅವಳಿಗೆ ಇರುವ ದೂರ, ಎರಡೂ ಕೂಡಿ ಹತ್ತು. ಒಂದೊಂದು ದೂರವೂ ಒಂದೊಂದು ವರ್ಗಮೂಲದ ಚಿಪ್ಪಿನೊಳಗೆ ಕೂತಿತ್ತು. ಎರಡು ಚಿಪ್ಪುಗಳನ್ನು ಒಂದೇ ಕಡೆ ಇಟ್ಟು ವರ್ಗ ಮಾಡಿದರೆ ಒಡೆಯುವುದಿಲ್ಲ, ಗಂಟು ಇನ್ನಷ್ಟು ಬಿಗಿಯುತ್ತದೆ. ಒಂದನ್ನು ಇಲ್ಲಿಟ್ಟು ಇನ್ನೊಂದನ್ನು ಆ ಕಡೆಗೆ ಕಳಿಸಬೇಕು. ಆಗ ವರ್ಗ ಮಾಡಿದರೆ ಒಂದು ಚಿಪ್ಪು ಒಡೆಯುತ್ತದೆ. ಉಳಿದದ್ದನ್ನು ಒಂಟಿಯಾಗಿ ನಿಲ್ಲಿಸಿ ಮತ್ತೆ ವರ್ಗ ಮಾಡಿದರೆ ಅದೂ ಒಡೆಯುತ್ತದೆ. ಅವಳು ಅವಸರ ಮಾಡಲಿಲ್ಲ. ಕಳೆಯಬೇಕಾದದ್ದು ಕಳೆಯುತ್ತ, ಎರಡೂ ಕಡೆ ಇದ್ದದ್ದನ್ನು ಎರಡೂ ಕಡೆಯಿಂದ ಅಳಿಸುತ್ತ ಬಂದಳು. ಡಂಗುರದವನು ತನ್ನ ಗುಳಿಯಲ್ಲಿ ಕೂತು ನೋಡುತ್ತಿದ್ದ. ಬಿಸಿಲು ಇಳಿಯುವ ಹೊತ್ತಿಗೆ ನೆಲದ ಮೇಲೆ ಒಂದೇ ಸಾಲು ಉಳಿಯಿತು.

ಹದಿನಾರು ಮೂ-ವರ್ಗ, ಕೂಡು ಇಪ್ಪತ್ತೈದು ಬ-ವರ್ಗ, ಕಳೆ ಮುನ್ನೂರ ಎಂಬತ್ತನಾಲ್ಕು ಮೂ, ಕಳೆ ಮುನ್ನೂರ ಐವತ್ತು ಬ, ಕೂಡು ಮೂರು ಸಾವಿರದ ನೂರ ಇಪ್ಪತ್ತೊಂಬತ್ತು, ಸಮ ಸೊನ್ನೆ.

ಅವಳು ಫಲಕವನ್ನು ಆ ಸಾಲಿನ ಪಕ್ಕದಲ್ಲಿಟ್ಟಳು. ಎಲ್ಲ ಒಂದೇ. ನೆಲದ ಮೇಲೆ ೩೫೦, ಫಲಕದ ಮೇಲೆ ೨೫೦. ಮೂರು ಬರೆಯುವಾಗ ಒಂದು ಸುಳಿ ಬಿಟ್ಟುಹೋಗಿತ್ತು, ಅಷ್ಟೇ. ಸುಳಿ ಬಿಟ್ಟ ಮೂರು ಎರಡಾಗುತ್ತದೆ. ಆ ದಿನ ಏನಾಗಿತ್ತು ಎಂದು ಅವಳು ನೆನಪಿಸಿಕೊಳ್ಳಲು ನೋಡಿದಳು. ಏನೂ ನೆನಪಾಗಲಿಲ್ಲ. ಅದೂ ಎಲ್ಲ ದಿನಗಳ ಹಾಗೆ ಒಂದು ದಿನವಾಗಿರಬೇಕು.

ಚಾಪೆಯವಳಿಗೆ ಓದು ಬರುತ್ತಿರಲಿಲ್ಲ. ಆದರೆ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ನೋಡಿದಾಗ ನೇಯುವವಳ ಕಣ್ಣಿಗೆ ಎಳೆ ತಪ್ಪಿದ್ದು ಕಂಡಿತು. ಅವಳು ಬೆರಳಿಟ್ಟು ತೋರಿಸಿದಳು. ಗೆರೆಗಾರ್ತಿ ಹೌದೆಂದಳು.

“ಒಂದು ಸುಳಿ ತಾನೆ, ಗೆರೆಯಮ್ಮ?” ಎಂದಳು ಚಾಪೆಯವಳು ಮೆಲ್ಲಗೆ. “ಹಾಕಿಬಿಡಿ. ನಾನು ನೋಡಿಲ್ಲ. ಇವರು ಹೇಳಲಾರರು.”

ಕಂಟ ಸೊಂಟದಲ್ಲೇ ಇತ್ತು. ಸುಟ್ಟ ಮಣ್ಣು ಗಟ್ಟಿ, ಆದರೂ ಒತ್ತಿ ಕೊರೆದರೆ ಒಂದು ಸುಳಿಗೆ ಎಡೆ ಕೊಡದಷ್ಟು ಗಟ್ಟಿಯಲ್ಲ. ಗೆರೆಗಾರ್ತಿ ಕಂಟವನ್ನು ಕೈಗೆ ತೆಗೆದುಕೊಂಡಳು. ಒಂದು ಸುಳಿ ಹಾಕಿದರೆ ಮನೆ ಬರುತ್ತದೆ, ಗಂಡಹೆಂಡಿರಿಗೆ ಮಾತು ಬರುತ್ತದೆ, ಕಟ್ಟಳೆಯೂ ಉಳಿಯುತ್ತದೆ, ಕಂಟವೂ ಉಳಿಯುತ್ತದೆ. ನಷ್ಟವಾಗುವುದು ಯಾರಿಗೆ? ಅವಳು ಕಂಟದ ಮೊನೆಯನ್ನು ಎರಡರ ತಲೆಯ ಮೇಲಿಟ್ಟಳು. ಇಟ್ಟವಳು ಹಾಗೇ ಹಿಡಿದು ಕೂತಳು.

ಅವಳಿಗೆ ಉಳಿದ ಮೂವತ್ತೊಂಬತ್ತು ಫಲಕಗಳು ನೆನಪಾದವು. ಈ ಫಲಕ ‘ಇಲ್ಲ’ ಎಂದು ಹೇಳಿದ್ದರಿಂದ ಸಿಕ್ಕಿಬಿತ್ತು. ಅದೇ ಕೈ ಬೇರೆ ಫಲಕದಲ್ಲಿ ತಪ್ಪಿದ್ದರೆ, ಆ ಫಲಕ ‘ಇದೆ’ ಎಂದು ಹೇಳುತ್ತಲೇ ಸುಳ್ಳು ಹೇಳುತ್ತಿರಬಹುದು. ಬೆಳಿಗ್ಗೆ ಅವಳು ಓದಿ ಕಳಿಸಿದ ಹದಿನಾರು ಮನೆಯವರು ಆಗಲೇ ಗೂಟ ಹೊಡೆದಾಗಿತ್ತು. ಯಾರದೋ ಗೋಡೆ ಯಾರದೋ ಅಂಗಳದಲ್ಲಿ ಏಳುತ್ತಿರಬಹುದು. ಯಾರೋ ಕಟ್ಟಿಕೊಂಡ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರ ಹತ್ತಿರ ಬಾರದೆ ಪಕ್ಕದಲ್ಲಿ ಬಿದ್ದುಹೋಗಬಹುದು, ಮತ್ತು ಅದು ಯಾಕೆಂದು ಅವರಿಗೆ ಎಂದೂ ತಿಳಿಯದಿರಬಹುದು.

ಇದನ್ನು ಅವಳು ಚಾಪೆಯವಳಿಗೆ ಹೇಳಿದಳು. ಚಾಪೆಯವಳು ಕೇಳಿಸಿಕೊಂಡು, ತನಗೆ ತನ್ನ ಮನೆ ಬೇಕು, ಊರಿನ ಯೋಚನೆ ತನ್ನಿಂದಾಗದು ಎಂದಳು. ಸುಳ್ಳು ಹೇಳದೆ ಹಾಗೆ ಹೇಳಿದ್ದಕ್ಕೆ ಗೆರೆಗಾರ್ತಿಗೆ ಅವಳ ಮೇಲೆ ಗೌರವವೇ ಹುಟ್ಟಿತು. ಅವಳು ಕಂಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

ಮರುದಿನ ಬೆಳಿಗ್ಗೆ ಕಲ್ಲಿನ ಮುಂದೆ ಓಣಿಯವರೆಲ್ಲ ಸೇರಿರುವಾಗ ಅವಳು ನಡೆದದ್ದನ್ನೆಲ್ಲ ಹೇಳಿ, ಕಂಟವನ್ನು ಕಲ್ಲಿನ ಮೇಲಿಟ್ಟಳು. ತನ್ನ ಕೈ ಬರೆದ ನಲವತ್ತು ಫಲಕಗಳನ್ನೂ ಫಲಕವೆಂದು ನಂಬಬಾರದು, ನಲವತ್ತು ಮನೆಗಳನ್ನೂ ನೆಲದಿಂದ ಮತ್ತೆ ಅಳೆಯಬೇಕು ಎಂದಳು.

ಓಣಿಯವರು ಸಿಟ್ಟಾದರು. ಗೂಟ ಹೊಡೆದವರು ಕಿತ್ತುಹಾಕಬೇಕಿತ್ತು, ಕೆಸರು ತುಳಿದವರ ಕೆಸರು ಒಣಗುತ್ತಿತ್ತು, ಇನ್ನೊಂದು ತಿಂಗಳು ಎಲ್ಲರೂ ಆಕಾಶದ ಕೆಳಗೆ ಇರಬೇಕಿತ್ತು. ಒಬ್ಬ ಮಾತಿಲ್ಲದವನಿಗಾಗಿ ನಲವತ್ತು ಮನೆಯೇ ಎಂದು ಯಾರೋ ಹಿಂದಿನಿಂದ ಅಂದರು. ಹಾಗಲ್ಲ, ನಲವತ್ತು ಮನೆಗಾಗಿಯೇ ಎಂದು ಗೆರೆಗಾರ್ತಿ ಹೇಳಿದಳು. ಆದರೆ ಅವಳ ದನಿ ದೊಡ್ಡದಲ್ಲ, ಎಲ್ಲರಿಗೂ ಕೇಳಲಿಲ್ಲ.

ಕಲ್ಲಜ್ಜ ಕಂಟವನ್ನು ನೋಡಿದ, ಫಲಕವನ್ನು ನೋಡಿದ. “ಫಲಕ ಇಲ್ಲ ಅನ್ನುತ್ತದೆ, ನೆಲ ಇದೆ ಅನ್ನುತ್ತದೆ. ನಾನು ಯಾರ ಮಾತು ಕೇಳಲಿ, ಮಗಳೇ?”

“ಎರಡೂ ಬೇಡ, ಅಜ್ಜ. ನೆಲ ಹೇಳಿದ ಹಾಗೆ ಗೋಡೆ ಎಬ್ಬಿಸಿ ಡಂಗುರದವನ ಮಾತು ಕೇಳಿ. ಅದು ಹೆಂಡತಿಗೆ ಮುಟ್ಟದಿದ್ದರೆ ಅವರ ಜೊತೆ ನಾನೂ ಎಲ್ಲೆ ದಾಟುತ್ತೇನೆ.”

ಮುದುಕ ಫಲಕವನ್ನು ಕಂಟದ ಪಕ್ಕದಲ್ಲಿಟ್ಟ. ಕಡೆಗೆ, ಕೂತವರ ತಲೆಯ ಮಟ್ಟಕ್ಕಿಂತ ಒಂದು ಮೊಳ ಮೇಲಕ್ಕೆ ಮಾತ್ರ ಗೋಡೆ ಏಳಲಿ, ಮಾಡು ಆಮೇಲೆ ನೋಡೋಣ ಎಂದ. ಅಲ್ಲಿಯವರೆಗೆ ಓಣಿಯಲ್ಲಿ ಬೇರೆ ಯಾವ ಗೋಡೆಯೂ ಏಳುವಂತಿಲ್ಲ. ಇನ್ನು ಮೇಲೆ ಮೂಡಣ ಓಣಿಯ ಫಲಕಗಳನ್ನು ಬಡಗಣ ಓಣಿಯ ಗೆರೆಗಾರನೇ ಬರೆಯಬೇಕು. ಕಂಟ ಕಲ್ಲಿನ ಮೇಲೆಯೇ ಉಳಿಯಿತು. ಅವಳು ಅದನ್ನು ತಿರುಗಿ ನೋಡಲಿಲ್ಲ, ನೋಡಬೇಕು ಎಂದು ಅನ್ನಿಸಿತ್ತು.

ಮೊದಲ ದಿನ ಗೋಡೆ ಕಟ್ಟಲು ಯಾರೂ ಬರಲಿಲ್ಲ. ಎರಡು ಗುಳಿಗಳಲ್ಲಿ ಗಂಡಹೆಂಡಿರು ಗೂಟ ಹಿಡಿದು ಕೂತರು, ಗೆರೆಗಾರ್ತಿ ಕೋಲು ಹಿಡಿದು ಹತ್ತು ಹೆಜ್ಜೆಯ ಹಗ್ಗವನ್ನು ಬಿಗಿಯಾಗಿ ಎಳೆದು ಸುತ್ತು ಬಂದಳು. ಗೆರೆ ಹೊರಟಲ್ಲಿಗೇ ಬಂದು ಸೇರಿತು. ಆಮೇಲೆ ಮೂವರೂ ಮಣ್ಣು ಹೊತ್ತರು. ಎರಡನೆಯ ದಿನ ಗಾಣದವನು ತನ್ನ ಎತ್ತು ಹೊಡೆದುಕೊಂಡು ಬಂದು ಕೆಸರು ತುಳಿ­ಸಿದ. ಮೂರನೆಯ ದಿನ ಅವನ ತಾಯಿ ಬಂದಳು. ಬೇರೆಯವರು ದೂರದಲ್ಲಿ ಕೂತು ನೋಡುತ್ತಿದ್ದರು; ಐದನೆಯ ದಿನದ ಹೊತ್ತಿಗೆ ಕೂತು ಬೇಸರವಾಗಿ ಕೆಲವರು ಎದ್ದು ಬಂದರು. ಆರನೆಯ ದಿನ ಗೋಡೆ ಅಜ್ಜ ಹೇಳಿದ ಮಟ್ಟಕ್ಕೆ ಬಂತು. ಎರಡು ದಿನ ಒಣಗಲು ಬಿಟ್ಟರು.

ನೋಡಲು ಊರೇ ಬಂತು. ಕಲ್ಲಜ್ಜ ಡಂಗುರದವನ ಕಿವಿಯಲ್ಲಿ ಒಂದು ಮಾತು ಹೇಳಿ, ಹೊರಗೆ ಬಂದು ನಿಂತ. ಚಾಪೆಯವಳು ತನ್ನ ಗುಳಿಯಲ್ಲಿ ಗಂಡನಿಗೆ ಬೆನ್ನು ಮಾಡಿ ಕೂತಿದ್ದಳು. ಡಂಗುರದವನು ಬಾಯಿ ತೆರೆದ. ಗೋಡೆಯ ಮೇಲಿನಿಂದ ಇಣುಕುತ್ತಿದ್ದವರಿಗೆ ಏನೂ ಕೇಳಲಿಲ್ಲ. ಗೆರೆಗಾರ್ತಿ ಬಾಗಿಲ ಹತ್ತಿರ ನಿಂತಿದ್ದಳು, ಅವಳಿಗೂ ಕೇಳಲಿಲ್ಲ. ಒಂದು ಗಳಿಗೆ ಹಾಗೇ ಹೋಯಿತು.

“ನೆಲ್ಲಿಕಾಯಿ,” ಎಂದಳು ಚಾಪೆಯವಳು.

ಕಲ್ಲಜ್ಜ ಹೌದೆಂದು ತಲೆಯಾಡಿಸಿದ. ಜನ ನಕ್ಕರು. ಇಷ್ಟೆಲ್ಲ ಆದ ಮೇಲೆ ಅಜ್ಜನಿಗೆ ಹೊಳೆದ ಮಾತು ಅದೇ ಎಂದು ನಕ್ಕರು. ಚಾಪೆಯವಳು ನಗಲಿಲ್ಲ. ಅವಳು ಗೋಡೆಯ ಕಡೆ ಮುಖ ಮಾಡಿ ಕೂತೇ ಇದ್ದಳು, ಅವಳ ಗಂಡನ ತುಟಿ ಆಡುತ್ತಲೇ ಇತ್ತು. ಅವಳು ಆಗಾಗ ಹೂಂಗುಟ್ಟುತ್ತಿದ್ದಳು. ಹದಿನೆಂಟು ದಿನದ ಮಾತು ಅದು. ಜನ ಒಬ್ಬೊಬ್ಬರಾಗಿ ಹಿಂದೆ ಸರಿದು, ತಮ್ಮ ತಮ್ಮ ನೆಲದಲ್ಲಿ ಗುಳಿ ಎಲ್ಲಿದೆ ಎಂದು ಹುಡುಕಲು ಹೋದರು.

ಓಣಿಯನ್ನು ಮತ್ತೆ ಅಳೆಯಲು ಒಂದು ತಿಂಗಳಿಗೂ ಮೇಲೆ ಹಿಡಿಯಿತು. ಹಗ್ಗ ಹಿಡಿಯಬಾರದು ಎಂಬ ಕಟ್ಟಳೆ ಇರಲಿಲ್ಲವಾದ್ದರಿಂದ ಗೆರೆಗಾರ್ತಿ ಹಗ್ಗ ಹಿಡಿದಳು, ಹೆಜ್ಜೆ ಎಣಿಸಿದಳು, ಬಡಗಣದವನು ಬರೆದುಕೊಂಡ. ಅವನ ಅಕ್ಷರ ಅವಳ ಅಕ್ಷರದಷ್ಟು ಚೆನ್ನಾಗಿರಲಿಲ್ಲ. ನಲವತ್ತರಲ್ಲಿ ಇನ್ನೆರಡು ಫಲಕಗಳು ತಪ್ಪಿದ್ದವು. ಒಂದು, ಕುಂಬಾರಗಿತ್ತಿಯ ಗೋಡೆಯನ್ನು ಒಂದು ಹೆಜ್ಜೆ ಸರಿಸಿ ಪಕ್ಕದವರ ಒಲೆಯ ಮೇಲೆ ತರುತ್ತಿತ್ತು. ಇನ್ನೊಂದು ಗಾಣದವನದು, ಅವನ ಹಗ್ಗವನ್ನು ಗಿಡ್ಡ ಮಾಡಿತ್ತು. ಅವನಿಗೆ ಅದು ತಿಳಿದಾಗ ಅವನು, ತನ್ನ ಮಾತು ಕಿವುಡಿ ತಾಯಿಗೆ ಹೇಗೂ ಮುಟ್ಟದು, ಹಗ್ಗ ಗಿಡ್ಡವಾಗಿದ್ದರೆ ಅವಳ ಬೈಗುಳವಾದರೂ ತನಗೆ ತಪ್ಪುತ್ತಿತ್ತು ಎಂದ.

ಚಾಪೆಯವಳ ಮನೆಗೆ ಮಾಡು ಏರಿದ ದಿನ ಅವಳು ಗೆರೆಗಾರ್ತಿಗೆ ಹೇಳಿಕಳಿಸಿದಳು. ಹೋದಾಗ ಡಂಗುರದವನು ತನ್ನ ಗುಳಿಯಲ್ಲಿ ಕೂತಿದ್ದ. ಚಾಪೆಯವಳು ತನ್ನ ಗುಳಿಯನ್ನು ತೋರಿಸಿ, ಅಲ್ಲಿ ಕೂತುಕೊಳ್ಳಿ, ಇವರು ನಿಮಗೆ ಏನೋ ಹೇಳಬೇಕಂತೆ, ಗೋಡೆ ಬಿದ್ದ ದಿನದಿಂದ ಅದನ್ನೇ ಹೇಳಲು ನೋಡುತ್ತಿದ್ದರಂತೆ ಎಂದು ಹೇಳಿ ಒಲೆಯ ಕಡೆ ಹೋದಳು.

ಗೆರೆಗಾರ್ತಿ ಕೂತಳು. ನಲವತ್ತು ಮನೆಯ ಗೂಟ ತೋರಿಸಿದವಳು ಎಂದೂ ಬೇರೆಯವರ ಗೂಟದ ಜಾಗದಲ್ಲಿ ಕೂತವಳಲ್ಲ. ಮೊದಲು ಏನೂ ಇರಲಿಲ್ಲ. ಆಮೇಲೆ ಎಲ್ಲ ಕಡೆಯಿಂದಲೂ ಒಟ್ಟಿಗೆ, ಅವಳ ಕಿವಿಯ ಹತ್ತಿರವೇ, ಒಬ್ಬ ಗಂಡಸಿನ ದನಿ ಬಂತು. ಅದು ಪಿಸುಮಾತಾಗಿರಲಿಲ್ಲ, ಪಕ್ಕದಲ್ಲಿ ಕೂತು ಆಡಿದ ಮಾತಿನಂತಿತ್ತು.

ಅವನು ಹೇಳಿದ್ದು ಇಷ್ಟು. ಹನ್ನೆರಡು ವರ್ಷದ ಹಿಂದೆ ಅವಳು ಈ ಮನೆಯ ಫಲಕವನ್ನು ಬರೆಯುತ್ತಿದ್ದದ್ದು ಈ ಮನೆಯ ಅಂಗಳದಲ್ಲೇ. ಅವನಿಗೆ ಆಗ ದನಿಯಿತ್ತು. ಅವನು ಒಲೆಯ ಹತ್ತಿರದಿಂದ ಅವಳನ್ನು ಕೂಗಿದ. ಕೂಗಿದ್ದು ಜೋರಾಯಿತು, ಅವಳು ಬೆಚ್ಚಿ ತಲೆಯೆತ್ತಿದಳು, ಕಂಟ ಒಂದು ಗಳಿಗೆ ನಿಂತಿತು. ಆ ಅಂಕಿಯ ಹೊತ್ತಿಗೋ ಅಲ್ಲವೋ ತನಗೆ ಗೊತ್ತಿಲ್ಲ. ಗೋಡೆ ಕೆಡವುವ ದಿನ ಫಲಕ ಹೊರಗೆ ತೆಗೆದಾಗ ಅದು ನೆನಪಾಗಿ, ಒಮ್ಮೆ ನೋಡಿಕೊಳ್ಳಿ ಎಂದು ಹೆಂಡತಿಯ ಹತ್ತಿರ ಹೇಳಿಕಳಿಸಬೇಕೆಂದಿದ್ದ. ಆಗಲೇ ಗೋಡೆಯಿರಲಿಲ್ಲ.

ಗೆರೆಗಾರ್ತಿ ಗೋಡೆಯ ಕಡೆ ನೋಡುತ್ತ ಮೆಲ್ಲಗೆ ಕೇಳಿದಳು.

“ಕೂಗಿದ್ದು ಯಾಕೆ?”

“ಊಟಕ್ಕೆ,” ಎಂದಿತು ಗೋಡೆ. “ಇವಳು ಅವತ್ತು ಹುರುಳಿಸಾರು ಮಾಡಿದ್ದಳು.”

ಆಗ ಅವಳಿಗೆ ನೆನಪಾಯಿತು. ಅಂಗಳ ನೆನಪಾಗಲಿಲ್ಲ, ಫಲಕ ನೆನಪಾಗಲಿಲ್ಲ, ಸುಳಿ ನೆನಪಾಗಲಿಲ್ಲ. ಹುರುಳಿಸಾರು ನೆನಪಾಯಿತು. ಅದರ ಬಿಸಿ, ಬೆಳ್ಳುಳ್ಳಿಯ ಒಗ್ಗರಣೆ, ಬೆಳಗಿನಿಂದ ಬರೆದು ಬರೆದು ಮರಗಟ್ಟಿದ ಬೆರಳುಗಳಿಂದ ಮುದ್ದೆ ಮುರಿದದ್ದು, ಎರಡು ಸಲ ಹಾಕಿಸಿಕೊಂಡದ್ದು. ಅವಳು ಅದನ್ನು ಅವನಿಗೆ ಹೇಳಿದಳು. ಅಷ್ಟು ರುಚಿಯಾಗಿತ್ತೇ ಎಂದು ಒಲೆಯ ಹತ್ತಿರದಿಂದ ಚಾಪೆಯವಳು ಕೇಳಿದಳು. ಆಗಿತ್ತು ಎಂದಳು ಗೆರೆಗಾರ್ತಿ.

ಆ ದಿನವೂ ಅವಳು ಅಲ್ಲಿ ಉಂಡಳು. ಕೈತೊಳೆದು ಹೊರಗೆ ಬಂದಾಗ ಓಣಿಯ ಕೊನೆಯಲ್ಲಿ ಬಡಗಣದವನು ಕುಂಬಾರಗಿತ್ತಿಯ ಹೊಸ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದ. ಅವಳು ಅವನನ್ನು ಏನೋ ಕೇಳಬೇಕಿತ್ತು. ಅವನು ಆ ಅಂಕಿಯನ್ನು ಮುಗಿಸಿ ಕಂಟ ಎತ್ತುವವರೆಗೆ ಅವಳು ದೂರದಲ್ಲೇ ನಿಂತಳು.